ಮೊದಲ ಕೆಲಸದ ಹುಡುಕಾಟ: ಎಲ್ಲಿ ಸೋರುತ್ತಿದೆ ಅಂತ ಮೊದಲು ಹಿಡಿಯಿರಿ

"ಅಣ್ಣಾ, ಇನ್ನೂರು ಕಡೆ ಅಪ್ಲೈ ಮಾಡಿದೀನಿ. ಒಂದು ಕಾಲೂ ಬಂದಿಲ್ಲ."

ಪ್ರತಿ ವರ್ಷ ರಿಸಲ್ಟ್ ಬಂದು ಎರಡು ಮೂರು ತಿಂಗಳಾಗುವ ಹೊತ್ತಿಗೆ ಊರ ಕಡೆಯ ಹುಡುಗರು, ಹುಡುಗಿಯರು ಫೋನ್ ಮಾಡಿ ಹೇಳುವ ಮಾತು ಇದೇ. ನಾನು ಹನ್ನೆರಡು ವರ್ಷದಿಂದ ಇಂಟರ್ವ್ಯೂ ಮೇಜಿನ ಆಚೆ ಬದಿಯಲ್ಲಿ ಕೂರುತ್ತಿದ್ದೇನೆ. 200 ಕಡೆ ಹಾಕಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಮೊದಲ 30ಕ್ಕೆ ಉತ್ತರ ಬಾರದಿದ್ದಾಗ ನಿಂತು, ಬಿಂದಿಗೆ ಎಲ್ಲಿ ಸೋರುತ್ತಿದೆ ಅಂತ ನೋಡದೆ, ಅದೇ ಕಾಗದವನ್ನು ಇನ್ನೂ 170 ಕಡೆ ಕಳಿಸಿದ್ದು ತಪ್ಪು.

ಇದು ಬಿಕಾಂ, ಡಿಪ್ಲೊಮಾ, ಬಿಇ ಮುಗಿಸಿ ಮೊದಲ ಸಲ ಖಾಸಗಿ ಕೆಲಸ ಹುಡುಕುತ್ತಿರುವವರಿಗೆ. ಕೆಪಿಎಸ್‌ಸಿ, ಬ್ಯಾಂಕ್ ಪರೀಕ್ಷೆಗಳ ದಾರಿಯೇ ಬೇರೆ, ಅದನ್ನು ಇಲ್ಲಿ ಮುಟ್ಟಿಲ್ಲ. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ನೇರ ಮೂರನೇ ಹಂತಕ್ಕೆ ಹಾರುವವರೇ ಜಾಸ್ತಿ ಎಡವುತ್ತಾರೆ.

## ಶುರು ಮಾಡುವ ಮೊದಲು ಕೈಯಲ್ಲಿರಬೇಕಾದದ್ದು

ಒಂದು 100 ಪುಟದ ನೋಟ್‌ಬುಕ್. ಮೊಬೈಲ್ ಆ್ಯಪ್ ಬೇಡ, ಸಾದಾ ನೋಟ್‌ಬುಕ್ ಸಾಕು. ಪುಟಕ್ಕೆ ಆರು ಕಾಲಂ ಎಳೆಯಿರಿ: ತಾರೀಖು, ಕಂಪನಿ, ಯಾವ ಕೆಲಸ, ಎಲ್ಲಿ ನೋಡಿದ್ದು, ಯಾವ ರೆಸ್ಯೂಮೆ ಕಳಿಸಿದ್ದು, ಏನಾಯಿತು. ಕೊನೆಯ ಕಾಲಂ ಅಗಲವಾಗಿರಲಿ. ಈ ಲೇಖನದ ಅರ್ಧ ಭಾಗ ನಿಂತಿರುವುದೇ ಆ ಕಾಲಂ ಮೇಲೆ.

ನಿಮ್ಮ ಹೆಸರೇ ಇರುವ ಒಂದು ಇಮೇಲ್ ಐಡಿ. ಪಿಯುಸಿಯಲ್ಲಿ ತಮಾಷೆಗೆ ಮಾಡಿಕೊಂಡ ಐಡಿ ಗೆಳೆಯರಿಗೆ ಇರಲಿ. ದಿನಕ್ಕೆ ಎರಡು ಸಲ ಇನ್‌ಬಾಕ್ಸ್ ನೋಡಿ, ಸ್ಪ್ಯಾಮ್ ಫೋಲ್ಡರ್ ಕೂಡ ತೆರೆಯಿರಿ. ಇಂಟರ್ವ್ಯೂ ಮೇಲ್ ಸ್ಪ್ಯಾಮ್‌ನಲ್ಲಿ ಬಿದ್ದಿದ್ದನ್ನು ಎರಡು ವಾರ ಆದಮೇಲೆ ನೋಡಿ ತಲೆ ಚಚ್ಚಿಕೊಂಡವರು ಬೇಕಾದಷ್ಟಿದ್ದಾರೆ.

ಒಂದು ವರ್ಷ ಬದಲಾಗದ ಫೋನ್ ನಂಬರ್. ರೀಚಾರ್ಜ್ ತಪ್ಪದಂತೆ ನೋಡಿಕೊಳ್ಳಿ. ಕಾಲರ್ ಟ್ಯೂನ್ ತೆಗೆಸಿಬಿಡಿ.

ಬೆಂಗಳೂರಿಗೆ ಬಂದು ಪಿಜಿ ಹಿಡಿದೇ ಹುಡುಕಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಕಚೇರಿ ಕೆಲಸಕ್ಕಾದರೆ ಬೇಡ. ಮೊದಲ ಸುತ್ತು ಫೋನ್‌ನಲ್ಲೋ ಆನ್‌ಲೈನ್‌ನಲ್ಲೋ ಮುಗಿಯುವುದೇ ಹೆಚ್ಚು, ಮನೆಯಲ್ಲಿ ಕೂತೇ ಮುಗಿಸಬಹುದು. ಕಾಲ್ ಬರಲು ಶುರುವಾದ ಮೇಲೆ ಬನ್ನಿ. ಫ್ಯಾಕ್ಟರಿ ಕೆಲಸಕ್ಕಾದರೆ ಲೆಕ್ಕ ಬೇರೆ, ಅದು ನಾಲ್ಕನೇ ಹಂತದಲ್ಲಿದೆ.

## ಹಂತ 1: ಎಲ್ಲ ಕಾಗದದಲ್ಲೂ ಹೆಸರು ಒಂದೇ ಇದೆಯಾ ನೋಡಿ

ನಮ್ಮ ಕಡೆ ಇನಿಶಿಯಲ್ ಕಾಟ ದೊಡ್ಡದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಕೆ ಆರ್’, ಆಧಾರ್‌ನಲ್ಲಿ ಬರೀ ‘ಮಂಜುನಾಥ್’, ಪಾನ್ ಕಾರ್ಡ್‌ನಲ್ಲಿ ‘ಮಂಜುನಾಥ ಕಲ್ಲೇಶಪ್ಪ’. ಮೂವರೂ ಒಬ್ಬನೇ ಅಂತ ಅಮ್ಮನಿಗೆ ಗೊತ್ತು. ಕಂಪ್ಯೂಟರ್‌ಗೆ ಗೊತ್ತಿಲ್ಲ. ಕೆಲಸ ಸಿಕ್ಕಿ ಸಂಬಳದ ಖಾತೆ, ಪಿಎಫ್ (ಭವಿಷ್ಯ ನಿಧಿ) ಖಾತೆ ತೆರೆಯುವಾಗ ಇದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಮುಂದೊಂದು ದಿನ ಪಿಎಫ್ ದುಡ್ಡು ತೆಗೆಯಲು ಹೋದಾಗ ಇನ್ನೂ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ.

ಅಂಕಪಟ್ಟಿಯ ಹೆಸರನ್ನೇ ಆಧಾರವಾಗಿಟ್ಟುಕೊಳ್ಳಿ, ಅದನ್ನು ಬದಲಿಸುವುದು ಎಲ್ಲಕ್ಕಿಂತ ಕಷ್ಟ. ಅದಕ್ಕೆ ಹೊಂದುವಂತೆ ಮೊದಲು ಆಧಾರ್, ಆಮೇಲೆ ಪಾನ್, ಕೊನೆಗೆ ಬ್ಯಾಂಕ್ ಖಾತೆ ತಿದ್ದಿಸಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ 2 ಸಲ, ಹುಟ್ಟಿದ ತಾರೀಖು ಬದಲಿಸಲು 1 ಸಲ ಮಾತ್ರ ಅವಕಾಶ. ಹಾಗಾಗಿ ಆಧಾರ್ ಕೇಂದ್ರದವರು ಟೈಪ್ ಮಾಡಿದ್ದನ್ನು ಅಕ್ಷರ ಅಕ್ಷರ ಓದಿ, ಆಮೇಲೆ ಒಪ್ಪಿಕೊಳ್ಳಿ.

ಇನ್ನು ಕಾಗದಗಳು. ಎಸ್ಸೆಸ್ಸೆಲ್ಸಿ, ಪಿಯುಸಿ, ಎಲ್ಲ ಸೆಮಿಸ್ಟರ್ ಅಂಕಪಟ್ಟಿ, ಆಧಾರ್, ಪಾನ್, ಬ್ಯಾಂಕ್ ಪಾಸ್‌ಬುಕ್‌ನ ಮೊದಲ ಪುಟ, ಫೋಟೊ. ಪದವಿ ಪ್ರಮಾಣಪತ್ರ ಘಟಿಕೋತ್ಸವದ ಮೇಲೆಯೇ ಬರುವುದು. ಅಲ್ಲಿಯವರೆಗೆ ತಾತ್ಕಾಲಿಕ ಪ್ರಮಾಣಪತ್ರ, ಅಂದರೆ ಪಿಡಿಸಿ ಬೇಕಾಗುತ್ತದೆ. ಅದಕ್ಕೆ ಇವತ್ತೇ ಅರ್ಜಿ ಹಾಕಿ, ಆಫರ್ ಬಂದ ಮೇಲೆ ವಿಶ್ವವಿದ್ಯಾಲಯಕ್ಕೆ ಓಡಬೇಡಿ. ಎಲ್ಲವನ್ನೂ ನೆಟ್ಟಗೆ ಸ್ಕ್ಯಾನ್ ಮಾಡಿಸಿ ಪಿಡಿಎಫ್ ಇಟ್ಟುಕೊಳ್ಳಿ. ಹಾಸಿಗೆ ಮೇಲಿಟ್ಟು ಮೊಬೈಲ್‌ನಲ್ಲಿ ತೆಗೆದ ಫೋಟೊದಲ್ಲಿ ಅಂಕಪಟ್ಟಿಗಿಂತ ಬೆಡ್‌ಶೀಟಿನ ಹೂವೇ ಚೆನ್ನಾಗಿ ಕಾಣಿಸುತ್ತದೆ. ಡಿಜಿಲಾಕರ್‌ನಲ್ಲಿ ಸಿಗುವುದನ್ನು ಅಲ್ಲಿಂದಲೇ ಇಳಿಸಿಕೊಳ್ಳಿ.

ಎಚ್ಚರಿಕೆ: ಮೂಲ ಅಂಕಪಟ್ಟಿಯನ್ನು ಯಾರಿಗೂ ಬಿಟ್ಟು ಬರಬೇಡಿ. ತೋರಿಸಿ, ವಾಪಸ್ ಚೀಲಕ್ಕೆ ಹಾಕಿಕೊಳ್ಳಿ.

## ಹಂತ 2: ಒಂದೋ ಎರಡೋ ಕೆಲಸ ಆರಿಸಿ

"ಯಾವ ಕೆಲಸ ಆದ್ರೂ ಪರವಾಗಿಲ್ಲ ಸರ್." ಹೀಗಂದರೆ ವಿನಯ ಅಂತ ನೀವು ಅಂದುಕೊಳ್ಳುತ್ತೀರಿ. ಕೇಳುವವನಿಗೆ ‘ಇವನಿಗೆ ಯಾವುದೂ ಬರಲ್ಲ’ ಅಂತ ಕೇಳಿಸುತ್ತದೆ.

ನಿಮಗೆ ಹೊಂದುವ ಕೆಲಸದ 20 ಜಾಹೀರಾತು ತೆರೆಯಿರಿ. ಅಪ್ಲೈ ಮಾಡಬೇಡಿ, ಸುಮ್ನೆ ಓದಿ. ಪದೇ ಪದೇ ಬರುವ ಪದಗಳನ್ನು ನೋಟ್‌ಬುಕ್‌ನ ಹಿಂದಿನ ಪುಟದಲ್ಲಿ ಬರೆದುಕೊಂಡು, ಮುಂದೆ ಗೀಟು ಹಾಕುತ್ತಾ ಹೋಗಿ. ಬಿಕಾಂನವರು ಅಕೌಂಟ್ಸ್ ಅಸಿಸ್ಟೆಂಟ್ ಕೆಲಸ ನೋಡಿದರೆ ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ರಿಟರ್ನ್, ಬ್ಯಾಂಕ್ ತಾಳೆ ನೋಡುವುದು ಅಂತ ಬರುತ್ತದೆ. ಮೆಕ್ಯಾನಿಕಲ್ ಡಿಪ್ಲೊಮಾದವರಿಗೆ ಡ್ರಾಯಿಂಗ್ ಓದುವುದು, ವರ್ನಿಯರ್, ಮೈಕ್ರೊಮೀಟರ್, ಸಿಎನ್‌ಸಿ. ಕಂಪ್ಯೂಟರ್ ಸೈನ್ಸ್‌ನವರಿಗೆ ಜಾವಾ ಅಥವಾ ಪೈಥಾನ್, ಜತೆಗೆ ಎಸ್‌ಕ್ಯೂಎಲ್. ಹೆಚ್ಚು ಗೀಟು ಬಿದ್ದ ನಾಲ್ಕು ಪದಗಳಲ್ಲಿ ನಿಮಗೆ ಎಷ್ಟು ಬರುತ್ತದೆ? ಎರಡಾದರೂ ಗಟ್ಟಿಯಾಗಿ ಬಂದರೆ ಮುಂದಿನ ಹಂತಕ್ಕೆ ಹೋಗಿ. ಇಲ್ಲದಿದ್ದರೆ ಮೂರು ವಾರ ನಿಲ್ಲಿ, ಒಂದನ್ನು ಕಲಿಯಿರಿ. ಆ ಮೂರು ವಾರ ವ್ಯರ್ಥ ಅಲ್ಲ. ಕಲಿಯದೆ ಹಾಕುವ ಮೂರು ತಿಂಗಳ ಅಪ್ಲಿಕೇಶನ್ ವ್ಯರ್ಥ.

## ಹಂತ 3: ಒಂದು ಪುಟದ ರೆಸ್ಯೂಮೆ

ಅನುಭವ ಇಲ್ಲದವರಿಗೆ ಎರಡನೇ ಪುಟ ಬೇಕಾಗಿಲ್ಲ. ಅಪ್ಪನ ಹೆಸರು, ಮದುವೆ ಆಗಿದೆಯೋ ಇಲ್ಲವೋ, ಧರ್ಮ, ಪೂರ್ತಿ ವಿಳಾಸ, ‘ಮೇಲೆ ಹೇಳಿದ್ದೆಲ್ಲ ನಿಜವೆಂದು ಘೋಷಿಸುತ್ತೇನೆ’ ಅನ್ನುವ ಸಾಲು, ಎಲ್ಲ ತೆಗೆಯಿರಿ. ಹವ್ಯಾಸದಲ್ಲಿ ‘ಹಾಡು ಕೇಳುವುದು’ ಅಂತಲೂ ಬೇಡ. ಅಂಗಡಿಯಲ್ಲಿ ಸಿಗುವ ಹಳೆ ‘ಬಯೋಡೇಟಾ’ ನಮೂನೆಯಿಂದ ಬಂದ ಚಾಳಿ ಇವು.

ಮೇಲಿನಿಂದ ಕೆಳಕ್ಕೆ ಕ್ರಮ ಹೀಗಿರಲಿ: ಹೆಸರು, ಫೋನ್, ಇಮೇಲ್, ಊರು; ಯಾವ ಕೆಲಸಕ್ಕೆ ಅನ್ನುವ ಒಂದು ಸಾಲು; ಬರುವ ವಿದ್ಯೆ; ಮಾಡಿದ ಪ್ರಾಜೆಕ್ಟ್ ಅಥವಾ ಕೆಲಸ; ಕೊನೆಗೆ ಓದು. ನಮ್ಮವರು ಓದನ್ನು ತಲೆ ಮೇಲೆ ಕೂರಿಸಿ, ಮಾಡಿದ್ದನ್ನು ಕೆಳಗೆ ಮುಚ್ಚಿಡುತ್ತಾರೆ.

‘ಹಾರ್ಡ್ ವರ್ಕಿಂಗ್, ಟೀಮ್ ಪ್ಲೇಯರ್, ಕ್ವಿಕ್ ಲರ್ನರ್’ ಅಂತ ಬರೆದ ಹಾಳೆಗಳು ನನ್ನ ಮೇಜಿನ ಮೇಲೆ ಒಂದರ ಮೇಲೊಂದು ಕೂತಿರುತ್ತವೆ. ಯಾರು ಯಾರೆಂದು ಗೊತ್ತಾಗುವುದಿಲ್ಲ. ಅದರ ಬದಲು ಹೀಗೆ ಬರೆಯಿರಿ: ‘ಹಾರ್ಡ್‌ವೇರ್ ಅಂಗಡಿಯಲ್ಲಿ 4 ತಿಂಗಳು ಸಂಜೆ ಕೆಲಸ. ದಿನಕ್ಕೆ ಸುಮಾರು 40 ಬಿಲ್ ಟ್ಯಾಲಿಯಲ್ಲಿ ಎಂಟ್ರಿ. ತಿಂಗಳ ಕೊನೆಗೆ ಸ್ಟಾಕ್ ತಾಳೆ ನೋಡಿದ್ದು.’ ಅದು ಮಾವನ ಅಂಗಡಿ ಆಗಿದ್ದರೂ ಪರವಾಗಿಲ್ಲ, ಕೆಲಸ ಕೆಲಸವೇ. ಗಣೇಶೋತ್ಸವ ಸಮಿತಿಯ ಚಂದಾ ಲೆಕ್ಕ ಮೂರು ವರ್ಷ ಬರೆದಿದ್ದೇನೆ ಅಂತ ಒಬ್ಬ ಹುಡುಗಿ ಹಾಕಿದ್ದಳು. ಇಂಟರ್ವ್ಯೂನ ಅರ್ಧ ಹೊತ್ತು ನಾವು ಅದನ್ನೇ ಮಾತಾಡಿದೆವು. ರಸೀದಿ ಪುಸ್ತಕಕ್ಕೂ ಕೈಯಲ್ಲಿದ್ದ ದುಡ್ಡಿಗೂ ವ್ಯತ್ಯಾಸ ಬಂದಾಗ ಏನು ಮಾಡಿದಳು ಅಂತ ಹೇಳಿದ ರೀತಿಯಲ್ಲೇ ಅವಳಿಗೆ ಲೆಕ್ಕ ಬರುತ್ತದೆ ಅಂತ ಗೊತ್ತಾಯಿತು.

ಬಣ್ಣ ಬಣ್ಣದ, ಎರಡು ಕಾಲಂ ಇರುವ ನಮೂನೆ ಬೇಡ. ತುಂಬ ಕಂಪನಿಗಳಲ್ಲಿ ರೆಸ್ಯೂಮೆಯನ್ನು ಮೊದಲು ಓದುವುದು ಸಾಫ್ಟ್‌ವೇರ್. ಎರಡು ಕಾಲಂ ಇದ್ದರೆ ಅದು ಸಾಲುಗಳನ್ನು ಕಲಸಿ ಹಾಕಬಹುದು. ಚಿತ್ರದೊಳಗಿನ ಅಕ್ಷರ ಅದಕ್ಕೆ ಕಾಣದೇ ಹೋಗಬಹುದು. ಜಾಹೀರಾತಿನಲ್ಲಿದ್ದ ಪದವೇ ನಿಮ್ಮ ಹಾಳೆಯಲ್ಲೂ ಇರಲಿ, ನಿಜವಾಗಿ ಬಂದರೆ ಮಾತ್ರ. ಫೈಲ್ ಹೆಸರು ‘ನ್ಯೂ ರೆಸ್ಯೂಮೆ ಫೈನಲ್ 3’ ಅಂತ ಬಿಡಬೇಡಿ. ನಿಮ್ಮ ಹೆಸರು, ಕೆಲಸದ ಹೆಸರು ಇರಲಿ.

ಎಚ್ಚರಿಕೆ: ದುಡ್ಡು ಕೊಟ್ಟರೆ ‘ಎರಡು ವರ್ಷದ ಎಕ್ಸ್‌ಪೀರಿಯನ್ಸ್’ ಪತ್ರ ಮಾಡಿಕೊಡುವವರಿದ್ದಾರೆ. ತೆಗೆದುಕೊಳ್ಳಬೇಡಿ. ಹಿಂದೆ ಎಲ್ಲಿ ಕೆಲಸ ಮಾಡಿದ್ದಿರಿ ಅನ್ನುವುದು ಪಿಎಫ್ ದಾಖಲೆಯಲ್ಲಿ ಕಾಣುತ್ತದೆ. ಕೆಲಸಕ್ಕೆ ಸೇರಿ ಆರು ತಿಂಗಳಾದ ಮೇಲೆ ಪರಿಶೀಲನೆಯ ವರದಿ ಬಂದು, ಮಧ್ಯಾಹ್ನ ಊಟದ ಹೊತ್ತಿಗೆ ಚೀಲ ಎತ್ತಿಕೊಂಡು ಹೋದವರನ್ನು ನೋಡಿದ್ದೇನೆ.

## ಹಂತ 4: ಎಲ್ಲಿ, ಹೇಗೆ ಹಾಕುವುದು

ನೌಕರಿ, ಲಿಂಕ್ಡ್‌ಇನ್ ಎಲ್ಲರಿಗೂ ಗೊತ್ತು. ಹಾಕಿ ಮರೆತುಬಿಡುವುದೇ ಸಮಸ್ಯೆ. ಇತ್ತೀಚೆಗೆ ಯಾರು ಒಳಗೆ ಬಂದಿದ್ದಾರೋ ಅವರನ್ನು ಮೊದಲು ಸೋಸಿ ನೋಡುವ ಅನುಕೂಲ ಕಂಪನಿಯವರಿಗೆ ಇರುತ್ತದೆ. ಹಾಗಾಗಿ ವಾರಕ್ಕೆ ಎರಡು ಸಲವಾದರೂ ಲಾಗಿನ್ ಆಗಿ. ಜಾಹೀರಾತು ಬಂದು ಒಂದೆರಡು ದಿನದೊಳಗೆ ಹಾಕಿ. ತಿಂಗಳು ಹಳೆಯದಕ್ಕೆ ಹಾಕುವುದು ಜಾತ್ರೆ ಮುಗಿದ ಮೇಲೆ ಮಂಡಕ್ಕಿ ಕೊಳ್ಳಲು ಹೋದಂತೆ.

ಕೇಂದ್ರ ಸರ್ಕಾರದ ನ್ಯಾಷನಲ್ ಕೆರಿಯರ್ ಸರ್ವಿಸ್ ಪೋರ್ಟಲ್ 2015ರಿಂದ ಇದೆ, ರಾಜ್ಯದ್ದು ಸ್ಕಿಲ್ ಕನೆಕ್ಟ್. ಎರಡರಲ್ಲೂ ಹೆಸರು ಹಾಕಿ, ಪುಕ್ಕಟೆ. ಉದ್ಯೋಗ ಮೇಳದ ಸುದ್ದಿ ಅಲ್ಲಿ ಸಿಗುತ್ತದೆ. ಮೇಳಕ್ಕೆ ಹೋಗುವುದಾದರೆ ಬೆಳಗ್ಗೆಯೇ ಹೋಗಿ, 15 ಪ್ರತಿ ರೆಸ್ಯೂಮೆ ಒಯ್ಯಿರಿ. ಎಲ್ಲ ಮೇಜಿಗೂ ಹಾಳೆ ಹಂಚಬೇಡಿ, ನಾಲ್ಕು ಮೇಜು ಆರಿಸಿ ನಿಂತು ಮಾತಾಡಿ.

ಡಿಪ್ಲೊಮಾ, ಬಿಇಯವರು ಕಡೆಗಣಿಸುವ ದಾರಿ ಅಪ್ರೆಂಟಿಸ್‌ಶಿಪ್. 1961ರ ಅಪ್ರೆಂಟಿಸ್ ಕಾಯ್ದೆಯ ಅಡಿಯಲ್ಲಿ ಕೇಂದ್ರ ಸರ್ಕಾರದ ನ್ಯಾಟ್ಸ್ ಅನ್ನುವ ಅಪ್ರೆಂಟಿಸ್ ಪೋರ್ಟಲ್‌ನಲ್ಲಿ ಹೆಸರು ಹಾಕಿದರೆ ದೊಡ್ಡ ಸರ್ಕಾರಿ ಉದ್ಯಮಗಳಲ್ಲೂ ಒಂದು ವರ್ಷದ ತರಬೇತಿ ಸಿಗುವ ಅವಕಾಶವಿದೆ. ಸ್ಟೈಪೆಂಡ್ ಕಡಿಮೆ, ನಿಜ. ಆದರೆ ‘ಎಕ್ಸ್‌ಪೀರಿಯನ್ಸ್ ಇಲ್ಲ’ ಅನ್ನುವ ಮಾತು ಅಲ್ಲಿಗೆ ಮುಗಿಯುತ್ತದೆ. ಮನೆಯಲ್ಲಿ ಖಾಲಿ ಕೂತು ಮುಂದಿನ ವರ್ಷ ‘ಗ್ಯಾಪ್’ ವಿವರಿಸುವುದಕ್ಕಿಂತ ಇದು ನೂರು ಪಾಲು ಮೇಲು.

ಫ್ಯಾಕ್ಟರಿ ಕೆಲಸ ಹುಡುಕುವವರು ಬಂದು ಸುತ್ತಬೇಕು. ಪೀಣ್ಯ, ಬೊಮ್ಮಸಂದ್ರ, ಜಿಗಣಿ, ಬಿಡದಿ, ಮೈಸೂರಿನ ಹೆಬ್ಬಾಳ, ಧಾರವಾಡದ ಬೇಲೂರು, ಮಂಗಳೂರಿನ ಬೈಕಂಪಾಡಿ. ಸಣ್ಣ ಕಾರ್ಖಾನೆಗಳು ಪೋರ್ಟಲ್‌ಗೆ ದುಡ್ಡು ಕಟ್ಟುವ ಬದಲು ಗೇಟಿಗೆ ‘ಬೇಕಾಗಿದ್ದಾರೆ’ ಅಂತ ಬೋರ್ಡ್ ಹಾಕುತ್ತವೆ. ಬೆಳಗ್ಗೆ ಹತ್ತರ ಮೇಲೆ, ಶಿಫ್ಟ್ ಗದ್ದಲ ಇಳಿದ ಮೇಲೆ ಹೋಗಿ. ಗೇಟಿನ ಸೆಕ್ಯುರಿಟಿಯವರನ್ನು ಗೌರವದಿಂದ ಮಾತಾಡಿಸಿ. ಒಳಗೆ ಹಾಳೆ ಹೋಗುವುದು ಅವರ ಕೈಯಿಂದಲೇ.

ಪರಿಚಯದವರ ಮೂಲಕ ಹೋಗುವುದರಲ್ಲಿ ನಾಚಿಕೆ ಬೇಡ. ಆದರೆ ‘ಅಣ್ಣಾ ಎಲ್ಲಾದ್ರೂ ಕೆಲಸ ಇದ್ರೆ ಹೇಳಿ’ ಅಂತ ಸೀನಿಯರ್‌ಗೆ ಮೆಸೇಜ್ ಹಾಕಿದರೆ ಅವರೇನು ಮಾಡಲು ಸಾಧ್ಯ? ಹೀಗೆ ಹಾಕಿ ನೋಡಿ: "ನಮಸ್ತೆ ಅಣ್ಣಾ, ನಾನು ನಿಮ್ಮದೇ ಕಾಲೇಜು, 2025ರ ಬ್ಯಾಚ್. ನಿಮ್ಮ ಕಂಪನಿಯ ಸೈಟ್‌ನಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಕೆಲಸ ನೋಡಿದೆ. ರೆಸ್ಯೂಮೆ ಇಲ್ಲಿದೆ. ರೆಫರ್ ಮಾಡಬಹುದಾ?" ಯಾವ ಕೆಲಸ ಅಂತ ನೀವೇ ಹುಡುಕಿ ಕೊಟ್ಟರೆ ಅವರಿಗೆ ಎರಡು ನಿಮಿಷದ ಕೆಲಸ.

ಈ ನಡುವೆ ಒಂದು ಮಾತು. ಪಾಸಾಗಿ ಆರು ತಿಂಗಳಾದರೂ ಕೆಲಸ ಸಿಗದಿದ್ದರೆ ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ ಯುವನಿಧಿಗೆ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಹೆಚ್ಚೆಂದರೆ 2 ವರ್ಷ. ಬಸ್ ಚಾರ್ಜಿಗೆ, ಜೆರಾಕ್ಸ್‌ಗೆ ಆಗುತ್ತದೆ. ಕೆಲಸ ಸಿಕ್ಕ ಕೂಡಲೇ ತಿಳಿಸಿ ನಿಲ್ಲಿಸಬೇಕು.

## ಹಂತ 5: ಎರಡು ವಾರಕ್ಕೊಮ್ಮೆ ನೋಟ್‌ಬುಕ್ ಓದಿ

ನೋಡಿ ಆರಿಸಿ 30 ಕಡೆ ಹಾಕಿದ ಮೇಲೆ ನಿಲ್ಲಿಸಿ. ಕೊನೆಯ ಕಾಲಂ ಮೇಲೆ ಬೆರಳಿಟ್ಟು ಓದುತ್ತಾ ಹೋಗಿ.

ಒಂದು ಕಾಲೂ ಬಂದಿಲ್ಲವೇ? ಇಂಟರ್ವ್ಯೂ ಪುಸ್ತಕ ಓದಿ ಪ್ರಯೋಜನವಿಲ್ಲ, ನೀವು ಅಲ್ಲಿಯವರೆಗೆ ಹೋಗೇ ಇಲ್ಲ. ತೊಂದರೆ ಇರುವುದು ರೆಸ್ಯೂಮೆಯಲ್ಲಿ ಅಥವಾ ಆರಿಸಿದ ಕೆಲಸದಲ್ಲಿ. ಎರಡು ಮತ್ತು ಮೂರನೇ ಹಂತಕ್ಕೆ ವಾಪಸ್ ಹೋಗಿ.

ಕಾಲ್ ಬಂದು, ‘ತಿಳಿಸ್ತೀವಿ’ ಅಂದು ಇಟ್ಟರೇ? ಫೋನ್‌ನಲ್ಲಿ ಎಡವುತ್ತಿದ್ದೀರಿ. ಆರನೇ ಹಂತ.

ಮೊದಲ ಸುತ್ತಿನಲ್ಲೇ ಹೊರಗೆ ಬರುತ್ತಿದ್ದೀರಾ? ವಿಷಯ ಗಟ್ಟಿ ಇಲ್ಲ. ಕೇಳಿದ ಪ್ರಶ್ನೆಗಳನ್ನು ಹೊರಗೆ ಬಂದ ಹತ್ತು ನಿಮಿಷದಲ್ಲಿ, ಬಸ್ ಸ್ಟಾಪ್‌ನಲ್ಲೇ ಬರೆದುಕೊಳ್ಳಿ. ನಾಲ್ಕು ಇಂಟರ್ವ್ಯೂ ಆದಮೇಲೆ ನೋಡಿದರೆ ಅವೇ ಪ್ರಶ್ನೆಗಳು ಸುತ್ತಿ ಸುತ್ತಿ ಬಂದಿರುವುದು ಕಾಣುತ್ತದೆ.

ಕೊನೆಯ ಎಚ್‌ಆರ್ ಸುತ್ತಿನವರೆಗೆ ಹೋಗಿ ಬಿದ್ದರೆ ಕಾರಣ ಬೇರೆ. ಸಂಬಳದ ಮಾತು, ಶಿಫ್ಟ್‌ಗೆ ಒಪ್ಪುತ್ತೀರೋ ಇಲ್ಲವೋ ಅನ್ನುವ ಗೊಂದಲ, ಇಲ್ಲವೇ ನಿಮಗಿಂತ ಒಬ್ಬರು ಚೆನ್ನಾಗಿದ್ದರು, ಅಷ್ಟೇ. ಅಲ್ಲಿಯವರೆಗೆ ಹೋಗುವವರು ಹೆಚ್ಚೇನೂ ಬದಲಿಸಬೇಡಿ, ಮುಂದುವರಿಸಿ.

ನನಗೆ ಫೋನ್ ಮಾಡುವವರಲ್ಲಿ ಹೆಚ್ಚಿನವರು ತೊಂದರೆ ಇಲ್ಲದ ಕಡೆಯೇ ರಿಪೇರಿ ಮಾಡುತ್ತಿರುತ್ತಾರೆ. ಕಾಲ್ ಬರದವನು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ದುಡ್ಡು ಕಟ್ಟಿರುತ್ತಾನೆ. ಮೊದಲ ಸುತ್ತಿನಲ್ಲಿ ಬೀಳುವವಳು ರೆಸ್ಯೂಮೆಯ ಬಣ್ಣ ಬದಲಿಸುತ್ತಿರುತ್ತಾಳೆ.

## ಹಂತ 6: ಫೋನ್ ಬಂದಾಗ

ಹುಡುಕಾಟ ನಡೆಯುತ್ತಿರುವಾಗ ಗೊತ್ತಿಲ್ಲದ ನಂಬರ್ ಬಂದರೂ ಎತ್ತಿ. "ಯಾರು? ಯಾರ್ ಬೇಕಿತ್ತು?" ಅಂತ ಗದರಬೇಡಿ. "ಹಲೋ, ನಾನು ಮಂಜುನಾಥ್ ಮಾತಾಡ್ತಿರೋದು" ಅಂದರೆ ಸಾಕು. ಬಸ್ಸಿನಲ್ಲಿದ್ದರೆ ಹಾಗೇ ಹೇಳಿ, ‘ಹದಿನೈದು ನಿಮಿಷ ಬಿಟ್ಟು ನಾನೇ ಮಾಡಲಾ?’ ಅಂತ ಕೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕಂಡಕ್ಟರ್ ಸೀಟಿಯ ನಡುವೆ ಅರ್ಧಂಬರ್ಧ ಉತ್ತರ ಕೊಟ್ಟರೆ ಬೇಜಾರು.

ಕೇಳುವುದು ನಾಲ್ಕೇ ಪ್ರಶ್ನೆ: ಈಗ ಎಲ್ಲಿದ್ದೀರಿ, ಯಾವಾಗ ಸೇರಬಹುದು, ಶಿಫ್ಟ್ ಪರವಾಗಿಲ್ಲವೇ, ಎಷ್ಟು ನಿರೀಕ್ಷೆ. ಉತ್ತರ ಮೊದಲೇ ಬರೆದಿಟ್ಟುಕೊಳ್ಳಿ. ಊರಲ್ಲಿದ್ದರೆ "ಹಾವೇರಿಯಲ್ಲಿದ್ದೇನೆ, ಒಂದು ದಿನ ಮುಂಚೆ ತಿಳಿಸಿದರೆ ಬರುತ್ತೇನೆ" ಅನ್ನಿ. ಸುಳ್ಳು ಹೇಳಿ "ಇಲ್ಲೇ ಮಾರತ್‌ಹಳ್ಳಿ" ಅಂದರೆ, "ಹಾಗಾದ್ರೆ ಮಧ್ಯಾಹ್ನ ಬನ್ನಿ" ಅನ್ನುತ್ತಾರೆ.

ಫೋನ್ ಇಡುವ ಮೊದಲು ನೀವೂ ಕೇಳಿ: ಕಂಪನಿಯ ಪೂರ್ತಿ ಹೆಸರು, ಯಾವ ಕೆಲಸ, ಎಷ್ಟು ಸುತ್ತು, ಯಾರನ್ನು ಭೇಟಿ ಮಾಡಬೇಕು. ವಿಳಾಸವನ್ನು ಮೇಲ್‌ನಲ್ಲಿ ಕಳಿಸಲು ಹೇಳಿ.

## ಹಂತ 7: ಇಂಟರ್ವ್ಯೂ

ಪರಿಚಯ. "ಮೈಸೆಲ್ಫ್ ಮಂಜುನಾಥ್, ಕಮಿಂಗ್ ಫ್ರಮ್ ಹಾವೇರಿ. ಮೈ ಫಾದರ್ ಈಸ್ ಎ ಫಾರ್ಮರ್. ಮೈ ಸ್ಟ್ರೆಂತ್ ಈಸ್ ಹಾರ್ಡ್ ವರ್ಕ್. ಮೈ ವೀಕ್‌ನೆಸ್ ಈಸ್ ಐ ಟ್ರಸ್ಟ್ ಪೀಪಲ್ ಈಸಿಲಿ." ಕಣ್ಣು ಛಾವಣಿ ನೋಡುತ್ತಿರುತ್ತದೆ, ಮಗ್ಗಿ ಒಪ್ಪಿಸಿದ ಹಾಗೆ ಬರುತ್ತದೆ. ನಡುವೆ ಒಂದು ಪ್ರಶ್ನೆ ಕೇಳಿದರೆ ಮತ್ತೆ ಮೊದಲಿನಿಂದ ಶುರು.

ನಾಲ್ಕು ವಾಕ್ಯ ಸಾಕು. ಹೆಸರು ಮತ್ತು ಓದು ಒಂದು. ಈ ಕೆಲಸಕ್ಕೆ ಸಂಬಂಧಪಟ್ಟಂತೆ ಏನು ಮಾಡಿದ್ದೀರಿ, ಎರಡು. ಅದರಲ್ಲಿ ಯಾವುದು ಚೆನ್ನಾಗಿ ಬರುತ್ತದೆ, ಮೂರು. ಈ ಕೆಲಸ ಯಾಕೆ, ನಾಲ್ಕು. ಅಪ್ಪ ಅಮ್ಮನ ವಿಷಯ ಕೇಳಿದರೆ ಮಾತ್ರ ಹೇಳಿ. ವಾಕ್ಯಗಳನ್ನು ಬಾಯಿಪಾಠ ಮಾಡಬೇಡಿ, ನಾಲ್ಕು ಪದ ನೆನಪಿಡಿ. ಫೋನ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿ. ಮೊದಲ ಸಲ ಕೇಳಿದಾಗ ನಿಮಗೇ ನಗು ಬರುತ್ತದೆ. ಹತ್ತನೇ ಸಲಕ್ಕೆ ಸರಿಹೋಗುತ್ತದೆ.

ಇಂಗ್ಲಿಷ್. ಕನ್ನಡ ಮಾಧ್ಯಮದವರ ದೊಡ್ಡ ಭಯ ಇದೇ. ನನ್ನದೂ ಅದೇ ಆಗಿತ್ತು. ಒಳಗೆ ಕನ್ನಡದಲ್ಲಿ ಉದ್ದ ವಾಕ್ಯ ಕಟ್ಟಿಕೊಂಡು ಹೊರಗೆ ಇಂಗ್ಲಿಷ್‌ಗೆ ತಿರುಗಿಸಲು ಹೋದರೆ ನಡುವೆ ದಾರಿ ತಪ್ಪುತ್ತದೆ. ಸಣ್ಣ ವಾಕ್ಯದಲ್ಲೇ ಮಾತಾಡಿ. ಆರು ಪದ, ನಿಲ್ಲಿ. ಮತ್ತೆ ಆರು ಪದ. ವ್ಯಾಕರಣ ತಪ್ಪಿದರೆ ತಿದ್ದಲು ಹಿಂದೆ ಹೋಗಬೇಡಿ. ವಿಷಯದ ಪ್ರಶ್ನೆಯಲ್ಲಿ ಪೂರ್ತಿ ಸಿಕ್ಕಿಕೊಂಡರೆ, ಎದುರಿನವರಿಗೆ ಕನ್ನಡ ಬರುತ್ತದೆ ಅಂತ ಗೊತ್ತಿದ್ದರೆ, "ಸರ್, ಇದೊಂದನ್ನ ಕನ್ನಡದಲ್ಲಿ ಹೇಳ್ಲಾ?" ಅಂತ ಕೇಳಿ. ಫ್ಯಾಕ್ಟರಿ, ಅಕೌಂಟ್ಸ್ ಕೆಲಸಗಳಲ್ಲಿ ಬೇಡ ಅನ್ನುವವರು ಕಡಿಮೆ. ವಿದೇಶಿ ಗ್ರಾಹಕರ ಜತೆ ಮಾತಾಡುವ ಕೆಲಸಕ್ಕೆ ಮಾತ್ರ ಇದು ನಡೆಯುವುದಿಲ್ಲ.

ವಿಷಯ. ಮೊದಲ ಕೆಲಸಕ್ಕೆ ಯಾರೂ ಆಕಾಶದ ಪ್ರಶ್ನೆ ಕೇಳುವುದಿಲ್ಲ. ಬಿಕಾಂನವರಿಗೆ ‘10,000 ರೂಪಾಯಿ ಮಾಲು ಸಾಲಕ್ಕೆ ಮಾರಿದರೆ ಜರ್ನಲ್ ಎಂಟ್ರಿ ಹೇಗೆ’ ಅಂತ ಕೇಳುತ್ತಾರೆ. ಪ್ರತಿ ತಿಂಗಳು ರಿಟರ್ನ್ ಹಾಕುವವರಿಗೆ ಜಿಎಸ್‌ಟಿಆರ್-1 ಮುಂದಿನ ತಿಂಗಳ 11ಕ್ಕೆ, ಜಿಎಸ್‌ಟಿಆರ್-3ಬಿ 20ಕ್ಕೆ ಅನ್ನುವುದು ಗೊತ್ತಿದೆಯಾ ನೋಡುತ್ತಾರೆ. ಡಿಪ್ಲೊಮಾದವರ ಕೈಗೆ ವರ್ನಿಯರ್ ಕೊಟ್ಟು ಒಂದು ಪಿನ್ ಅಳೆಯಲು ಹೇಳುತ್ತಾರೆ. ಸಾಮಾನ್ಯ ವರ್ನಿಯರ್‌ನ ಲೀಸ್ಟ್ ಕೌಂಟ್ (ಅಳೆಯಬಹುದಾದ ಅತಿ ಸಣ್ಣ ಅಳತೆ) 0.02 ಮಿಲಿಮೀಟರ್, ಮೈಕ್ರೊಮೀಟರ್‌ನದು 0.01 ಅಂತ ಬಾಯಿಗೆ ಬಂದು, ಕೈಗೆ ಬಾರದವರೇ ಜಾಸ್ತಿ. ಬಿಇಯವರಿಗೆ ಸ್ವಂತ ಪ್ರಾಜೆಕ್ಟೇ ಉರುಳು. ‘ಇದರಲ್ಲಿ ನೀವು ಬರೆದ ಭಾಗ ಯಾವುದು?’ ಅಂದ ಕೂಡಲೇ ನಾಲ್ಕು ಜನರ ತಂಡದಲ್ಲಿ ಮೂವರು ಸುಮ್ಮನಾಗುತ್ತಾರೆ. ಕೊಂಡು ತಂದ ಪ್ರಾಜೆಕ್ಟ್ ಆಗಿದ್ದರೆ ಇಂಟರ್ವ್ಯೂಗೆ ಮೊದಲು ಅದರ ಒಂದು ಭಾಗವನ್ನಾದರೂ ನೀವೇ ಮತ್ತೆ ಬರೆದು ನೋಡಿ.

ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಜತೆಗೆ ಗೊತ್ತಿರುವ ಹತ್ತಿರದ ವಿಷಯ ಹೇಳಿ. "ಎಸ್‌ಕ್ಯೂಎಲ್‌ನಲ್ಲಿ ಲೆಫ್ಟ್ ಜಾಯಿನ್ ಬಳಸಿಲ್ಲ ಸರ್. ಇನ್ನರ್ ಜಾಯಿನ್ ಬಳಸಿದ್ದೇನೆ, ಅದು ಹೀಗೆ..." ಊಹಿಸಿ ಬಿಟ್ಟರೆ ಮೂರನೇ ಪ್ರಶ್ನೆಗೆ ಸಿಕ್ಕಿಬೀಳುತ್ತೀರಿ.

ಬ್ಯಾಕ್‌ಲಾಗ್, ಗ್ಯಾಪ್. ಎರಡು ವಾಕ್ಯ ಸಾಕು. ಏನಾಯಿತು, ಆಮೇಲೆ ಏನು ಮಾಡಿದಿರಿ. "ಮೂರನೇ ಸೆಮ್‌ನಲ್ಲಿ ಎರಡು ಸಬ್ಜೆಕ್ಟ್ ಹೋಗಿತ್ತು. ಮುಂದಿನ ಪರೀಕ್ಷೆಯಲ್ಲಿ ಎರಡನ್ನೂ ಪಾಸ್ ಮಾಡಿಕೊಂಡೆ." ಲೆಕ್ಚರರ್ ಸರಿ ಇರಲಿಲ್ಲ ಅನ್ನುವ ಕತೆ ಬೇಡ.

ಆನ್‌ಲೈನ್ ಆದರೆ. ಮುಖಕ್ಕೆ ಬೆಳಕು ಮುಂದಿನಿಂದ ಬೀಳಲಿ. ಬೇರೆ ಸಿಮ್‌ನ ಡೇಟಾ ತಯಾರಿರಲಿ, ಕರೆಂಟ್ ಹೋದರೆ ವೈಫೈಯೂ ಹೋಗುತ್ತದೆ ಅಲ್ವಾ. ಪಕ್ಕದ ಪರದೆ ನೋಡಿ ಓದುವವರ ಕಣ್ಣು ಎಡದಿಂದ ಬಲಕ್ಕೆ ಸರಿಯುವುದು ಈಚೆ ಬದಿಗೆ ಚೆನ್ನಾಗಿ ಕಾಣುತ್ತದೆ.

ಎದುರಾಎದುರು ಆದರೆ. ಇಸ್ತ್ರಿ ಮಾಡಿದ ಸಾದಾ ಬಟ್ಟೆ ಸಾಕು. ಅರ್ಧ ಗಂಟೆ ಮುಂಚೆ ಇರಿ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರಕ್ಕೂ ಮೆಟ್ರೊ ಇದೆ. ಆದರೂ ಸ್ಟೇಷನ್‌ನಿಂದ ಗೇಟಿಗೆ, ಗೇಟಿನಿಂದ ಕಟ್ಟಡಕ್ಕೆ ಹೋಗುವುದರಲ್ಲೇ ಇಪ್ಪತ್ತು ನಿಮಿಷ ಕರಗುತ್ತದೆ.

## ಹಂತ 8: ಸಂಬಳದ ಲೆಕ್ಕ

"ಮೂರು ಲಕ್ಷದ ಪ್ಯಾಕೇಜ್" ಅಂದರೆ ತಿಂಗಳಿಗೆ 25,000 ಕೈಗೆ ಬರುತ್ತದೆ ಅಂತ ಅಂದುಕೊಂಡು ಪಿಜಿಗೆ ಅಡ್ವಾನ್ಸ್ ಕೊಡಬೇಡಿ. ಒಂದು ಮಾದರಿ ಲೆಕ್ಕ ನೋಡೋಣ. ಬೇಸಿಕ್, ಅಂದರೆ ಮೂಲ ವೇತನ, 12,500 ಅಂತ ಇಟ್ಟುಕೊಳ್ಳಿ. ಕಂಪನಿ ಕಟ್ಟುವ ಪಿಎಫ್ ಬೇಸಿಕ್‌ನ ಶೇ 12, ಅಂದರೆ 1,500. ಗ್ರ್ಯಾಚುಯಿಟಿ (ಮುಂದೆ ಕೆಲಸ ಬಿಡುವಾಗ ಕೊಡುವ ದುಡ್ಡು) ಅಂತ ಶೇ 4.81, ಸುಮಾರು 600. ಇವೆರಡನ್ನೂ ನಿಮ್ಮ ಪ್ಯಾಕೇಜ್ ಒಳಗೇ ಸೇರಿಸಿರುತ್ತಾರೆ. ಉಳಿದದ್ದು 22,900. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 1,500 ಹೋದರೆ ಕೈಗೆ 21,400. ಪ್ಯಾಕೇಜ್‌ನಲ್ಲಿ ‘ವೇರಿಯಬಲ್’ ಅಂತ ಒಂದು ಮೊತ್ತ ಇದ್ದರೆ ಇನ್ನೂ ಕಡಿಮೆ. ಆ ದುಡ್ಡು ತಿಂಗಳು ತಿಂಗಳು ಬರುವುದಲ್ಲ.

‘ಎಷ್ಟು ನಿರೀಕ್ಷೆ?’ ಅಂದಾಗ ‘ನೀವು ಕೊಟ್ಟಷ್ಟು’ ಅನ್ನಬೇಡಿ. ಪಿಜಿ, ಊಟ, ಓಡಾಟ, ಮನೆಗೆ ಕಳಿಸುವುದು ಕೂಡಿಸಿ ಒಂದು ಕನಿಷ್ಠ ಅಂಕಿ ಇಟ್ಟುಕೊಳ್ಳಿ. ಅದೇ ಕೆಲಸಕ್ಕೆ ಸೀನಿಯರ್‌ಗಳಿಗೆ ಎಷ್ಟು ಸಿಗುತ್ತಿದೆ ಕೇಳಿ. ‘ಕೈಗೆ ಇಷ್ಟರಿಂದ ಇಷ್ಟರವರೆಗೆ’ ಅಂತ ಹೇಳಿ.

ಆಫರ್ ಲೆಟರ್ ಬಂದಾಗ ಸಂಬಳಕ್ಕಿಂತ ಮೊದಲು ಓದಬೇಕಾದ ಸಾಲುಗಳು: ಬಾಂಡ್ (ಇಷ್ಟು ಕಾಲ ಕೆಲಸ ಬಿಡುವುದಿಲ್ಲ ಅನ್ನುವ ಒಪ್ಪಂದ) ಇದೆಯೇ, ಎಷ್ಟು ಕಾಲ, ಬಿಟ್ಟರೆ ಎಷ್ಟು ಕಟ್ಟಬೇಕು, ನೋಟಿಸ್ ಅವಧಿ ಎಷ್ಟು, ಪ್ರೊಬೇಷನ್ ಎಷ್ಟು ತಿಂಗಳು, ಬೇರೆ ಊರಿಗೆ ಹಾಕಬಹುದೇ. ಮೂಲ ಪ್ರಮಾಣಪತ್ರ ಒತ್ತೆ ಇಡಬೇಕು ಅಂತ ಇದ್ದರೆ ಆ ಕೆಲಸ ಬೇಡ. ಫೋನ್‌ನಲ್ಲಿ ‘ಸೆಲೆಕ್ಟ್ ಆಗಿದ್ದೀರಿ’ ಅಂದದ್ದನ್ನು ನಂಬಿ ಉಳಿದ ಇಂಟರ್ವ್ಯೂ ಬಿಡಬೇಡಿ. ಕಂಪನಿಯ ಮೇಲ್‌ನಿಂದ ಪತ್ರ ಬರಲಿ.

## ಮೋಸದ ಗುರುತುಗಳು

ಕೆಲಸ ಕೊಡುವವರು ನಿಮಗೆ ದುಡ್ಡು ಕೊಡಬೇಕು, ನಿಮ್ಮಿಂದ ಕೇಳಬಾರದು. ರಿಜಿಸ್ಟ್ರೇಷನ್, ಯೂನಿಫಾರಂ, ಲ್ಯಾಪ್‌ಟಾಪ್ ಡಿಪಾಸಿಟ್, ‘ವಾಪಸ್ ಕೊಡ್ತೀವಿ’ ಅನ್ನುವ ತರಬೇತಿ ಶುಲ್ಕ, ಹೆಸರು ಯಾವುದಾದರೂ ಇರಲಿ, ಎದ್ದು ಬನ್ನಿ. ನಾನೂ ಕೊಟ್ಟಿದ್ದೆ. ಮೆಜೆಸ್ಟಿಕ್ ಹತ್ತಿರ ಮೂರನೇ ಮಹಡಿಯ ಒಂದು ಕನ್ಸಲ್ಟೆನ್ಸಿಗೆ 1,500 ರೂಪಾಯಿ. ರಸೀದಿಯನ್ನೂ ಕೊಟ್ಟರು. ಮುಂದಿನ ಸೋಮವಾರ ಹೋದರೆ ಬಾಗಿಲಿಗೆ ಬೀಗ, ಮೆಟ್ಟಿಲ ಮೇಲೆ ನನ್ನಂಥವರು ಹತ್ತು ಜನ.

ಈಗ ಬೀಗ ಹಾಕುವ ಕಷ್ಟವೂ ಅವರಿಗಿಲ್ಲ. ಟೆಲಿಗ್ರಾಂನಲ್ಲಿ ‘ವಿಡಿಯೊ ಲೈಕ್ ಮಾಡಿ, ದಿನಕ್ಕೆ ಸಾವಿರ’ ಅಂತ ಶುರುವಾಗುತ್ತದೆ. ಮೊದಲ ದಿನ 150 ರೂಪಾಯಿ ನಿಜವಾಗಿಯೂ ಬರುತ್ತದೆ, ಅದು ಗಾಳದ ಹುಳ. ‘ನಿಮ್ಮ ಬ್ಯಾಂಕ್ ಖಾತೆ ಬಳಸಿಕೊಳ್ಳುತ್ತೇವೆ, ಕಮಿಷನ್ ಕೊಡುತ್ತೇವೆ’ ಅಂದರೆ ಇನ್ನೂ ಅಪಾಯ. ಕದ್ದ ದುಡ್ಡು ನಿಮ್ಮ ಖಾತೆಯಲ್ಲಿ ಓಡಾಡಿದರೆ ಪೊಲೀಸರು ಮೊದಲು ಬರುವುದು ನಿಮ್ಮ ಮನೆಗೆ.

ವಿದೇಶದ ಕೆಲಸ ಅಂದರೆ ಏಜೆಂಟ್ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಂದಾಯಿತರೇ ನೋಡಿ. ಟೂರಿಸ್ಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಿಸಿಕೊಳ್ಳಬಹುದು ಅಂದರೆ ಒಪ್ಪಬೇಡಿ. ಥಾಯ್ಲೆಂಡ್‌ನಲ್ಲಿ ಐಟಿ ಕೆಲಸ ಅಂತ ಕರೆದೊಯ್ದು ಮ್ಯಾನ್ಮಾರ್‌ನ ಸೈಬರ್ ವಂಚನೆ ಶಿಬಿರಗಳಿಗೆ ದಾಟಿಸುವ ಜಾಲದ ಬಗ್ಗೆ ವಿದೇಶಾಂಗ ಸಚಿವಾಲಯ 2022ರಲ್ಲೇ ಎಚ್ಚರಿಸಿತ್ತು.

ದುಡ್ಡು ಹೋಗಿದ್ದರೆ ನಾಚಿಕೊಂಡು ಕೂರಬೇಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮೊದಲ ಒಂದೆರಡು ಗಂಟೆಯಲ್ಲಿ ತಿಳಿಸಿದರೆ ದುಡ್ಡು ಮುಂದಿನ ಖಾತೆಗೆ ದಾಟುವ ಮೊದಲೇ ತಡೆಯುವ ಅವಕಾಶ ಹೆಚ್ಚು.

## ಹಂತ 9: ಸೇರಿದ ಮೇಲೆ

ಮೊದಲ ದಿನ ಪಿಎಫ್ ಅರ್ಜಿ ತುಂಬಿಸುತ್ತಾರೆ. ಹಿಂದೆ ಎಲ್ಲಾದರೂ ಎರಡು ತಿಂಗಳು ಕೆಲಸ ಮಾಡಿ ಯುಎಎನ್ ಅನ್ನುವ ಪಿಎಫ್ ನಂಬರ್ ಬಂದಿದ್ದರೆ ಅದನ್ನೇ ಕೊಡಿ. ಒಬ್ಬರಿಗೆ ಒಂದೇ ನಂಬರ್, ಎಷ್ಟು ಕಂಪನಿ ಬದಲಿಸಿದರೂ ಅದೇ. ಆಫರ್ ಲೆಟರ್, ಸಂಬಳದ ಚೀಟಿಗಳನ್ನು ಪ್ರತಿ ತಿಂಗಳು ಸ್ವಂತ ಇಮೇಲ್‌ಗೆ ಕಳಿಸಿಟ್ಟುಕೊಳ್ಳಿ, ಕಂಪನಿ ಬಿಟ್ಟ ದಿನ ಕಂಪನಿಯ ಮೇಲ್ ಮುಚ್ಚುತ್ತದೆ.

ಮೂರನೇ ತಿಂಗಳಲ್ಲಿ ಸರ್ಕಾರದ ಉಮಂಗ್ ಆ್ಯಪ್ ತೆರೆದು ಪಿಎಫ್ ಪಾಸ್‌ಬುಕ್ ನೋಡಿ. ಸಂಬಳದ ಚೀಟಿಯಲ್ಲಿ ಹಿಡಿದ ಮೊತ್ತ ಅಲ್ಲಿ ಬಂದಿರಬೇಕು. ಬಂದಿಲ್ಲದಿದ್ದರೆ ಎಚ್‌ಆರ್‌ಗೆ ಮೇಲ್ ಹಾಕಿ ಕೇಳಿ. ಬಾಯಲ್ಲಿ ಬೇಡ, ಮೇಲ್‌ನಲ್ಲೇ ಕೇಳಿ.